ಕಲ್ಪಿತ ಪಾತ್ರಗಳಿಗೆ ಕೋಶದಲ್ಲಿ ಪ್ರತ್ಯೇಕ ಸ್ಥಾನವುಂಟೆ?

ಸಂಸ್ಕೃತದಲ್ಲಿ ಕೋಶವೆಂಬ ಶಬ್ದಕ್ಕೆ ಬೊಕ್ಕಸವೆಂದೂ ಅರ್ಥವುಂಟು, ಕತ್ತಿಯ ಒರೆಯೆಂದೂ ಅರ್ಥವುಂಟು. ಜ್ಞಾನವನ್ನು ಕೂಡಿಡುವ ಗ್ರಂಥಕ್ಕೆ ಈ ಎರಡು ಅರ್ಥಗಳೂ ಸಲ್ಲುವುವೆಂದು ನನಗೆ ತೋರುತ್ತದೆ. ಬೊಕ್ಕಸಕ್ಕೆ ಎಷ್ಟು ಬಂದರೂ ಬೇಡವೆನ್ನುವವರಿಲ್ಲ; ಆದರೆ ಖೋಟಾ ನಾಣ್ಯವು ಅದರೊಳಗೆ ಸೇರಬಾರದು. ಒರೆಯಾದರೋ ಒಂದೊಂದು ಕತ್ತಿಗೆ ಒಂದೊಂದಾಗಿ ಅಳತೆಯಿಂದ ಮಾಡತಕ್ಕದ್ದು. ಚೂರಿಗೆ ಖಡ್ಗದ ಒರೆಯನ್ನು ಕೊಟ್ಟರೆ ಅದು ಒಳಗೆ ಅಲುಗಾಡುತ್ತಲೇ ಇರುವುದು. ವಿಶ್ವಕೋಶದಲ್ಲಿ ಯಾವ ವಿಷಯಕ್ಕೆ ಪ್ರತ್ಯೇಕ ಲೇಖನವಿರಬೇಕು, ಯಾವುದು ಬೇರೊಂದು ಲೇಖನದ ಒಳಗೆ ಅಡಗಿರಬೇಕು ಎಂಬ ವಿಚಾರವು ಬೊಕ್ಕಸದವನ ಎಚ್ಚರಿಕೆಯನ್ನೂ ಒರೆಗಾರನ ಅಳತೆಯನ್ನೂ ಬೇಡುವಂಥದು. ಅದರಲ್ಲಿಯೂ ಕವಿಯ ಬುದ್ಧಿಯಿಂದ ಮಾತ್ರ ಹುಟ್ಟಿ, ಈ ಭೂಮಿಯ ಮೇಲೆ ಒಂದು ದಿನವೂ ಉಸಿರಾಡದ ವ್ಯಕ್ತಿಗಳ ವಿಷಯ ಬಂದಾಗ ಈ ವಿಚಾರವು ಮತ್ತಷ್ಟು ಸೂಕ್ಷ್ಮವಾಗುವುದು.

ಈ ಪ್ರಶ್ನೆಯನ್ನು ನಾನಾಗಿ ಎತ್ತಿಕೊಂಡವನಲ್ಲ. ಪ್ರೌಢಶಾಲೆಯಲ್ಲಿ ನನ್ನ ಬಳಿ ಓದಿದ ಶಿಷ್ಯನೊಬ್ಬನು ಈಗ ಬೆಂಗಳೂರಿನಲ್ಲಿ ಇಂಜಿನಿಯರನಾಗಿದ್ದಾನೆ. ಬಿಡುವಿನ ವೇಳೆಯಲ್ಲಿ ಅವನೂ ಅವನ ಸ್ನೇಹಿತರೂ ಅಂತರ್ಜಾಲದಲ್ಲಿರುವ ಕನ್ನಡ ವಿಕಿಪೀಡಿಯಕ್ಕೆ ಲೇಖನಗಳನ್ನು ಬರೆಯುತ್ತಾರೆ. ಅದಕ್ಕೆ ಸಂಬಳವಿಲ್ಲ, ಸನ್ಮಾನವಿಲ್ಲ. ಭಾಷೆಯ ಮೇಲಿನ ಅಭಿಮಾನವೊಂದೇ ಅವರ ಬಂಡವಾಳ. ಶ್ರೀ ಶಿವರಾಮ ಕಾರಂತರ ‘ಚೋಮನ ದುಡಿ’ಯ ಚೋಮನನ್ನು ಕುರಿತು, ಕಾದಂಬರಿಯ ಲೇಖನಕ್ಕೆ ಹೊರತಾಗಿ, ಪ್ರತ್ಯೇಕವಾದ ಲೇಖನವೊಂದನ್ನು ಬರೆಯಬೇಕೆಂದು ಈ ಹುಡುಗನು ಸಂಕಲ್ಪಿಸಿದನು. ಸ್ನೇಹಿತನೊಬ್ಬನು ಅದು ಕೂಡದೆಂದನು. ಇಬ್ಬರಿಗೂ ವಾದವು ಬೆಳೆದು, ಕಡೆಗೆ “ಮೇಷ್ಟ್ರೇ, ತಾವೇ ತೀರ್ಮಾನ ಹೇಳಬೇಕು” ಎಂದು ನನಗೆ ಪತ್ರ ಬಂದಿತು. ಅದಕ್ಕೆ ನಾನು ಕೊಟ್ಟ ಉತ್ತರವನ್ನೂ, ಅದರಿಂದ ಹುಟ್ಟಿದ ಆಕ್ಷೇಪವನ್ನೂ ಇಲ್ಲಿ ವಾಚಕರ ಮುಂದಿಡುತ್ತೇನೆ.

ಇದೆಲ್ಲ ಕೆಲಸವಿಲ್ಲದವರ ಕಾಲಹರಣವೆಂದು ಕೆಲವರು ಭಾವಿಸಬಹುದು. ಹಾಗಲ್ಲ. ಈಗಿನ ಮಕ್ಕಳು ಮನೆಯಲ್ಲಿ ಅಜ್ಜನನ್ನು ಕೇಳುವುದಕ್ಕೆ ಮೊದಲು ಕೈಯಲ್ಲಿರುವ ಯಂತ್ರವನ್ನು ಕೇಳುವರು. ಅದು ಬಹುಮಟ್ಟಿಗೆ ಇಂಥ ಕೋಶಗಳಿಂದಲೇ ಉತ್ತರವನ್ನು ಎತ್ತಿಕೊಡುವುದು. ಅಲ್ಲಿ ಒಂದು ಹೆಸರು ಹೇಗೆ ನಿಂತಿದೆಯೋ ಹಾಗೆಯೇ ಅದು ಮುಂದಿನ ತಲೆಮಾರಿನ ಮನಸ್ಸಿನಲ್ಲಿ ನಿಲ್ಲುವುದು. ಇದ್ದವನನ್ನು ಇಲ್ಲದವನೆಂದೂ ಇಲ್ಲದವನನ್ನು ಇದ್ದವನೆಂದೂ ನಂಬಿಸುವ ಶಕ್ತಿ ಕೋಶಕ್ಕಿದೆ. ಆದುದರಿಂದ ಅಲ್ಲಿಯ ನಿಯಮವೇನೆಂಬುದು ವಿದ್ಯಾವಂತರಾದ ಗೃಹಸ್ಥರೆಲ್ಲರೂ ತಿಳಿಯತಕ್ಕ ವಿಷಯವೇ ಸರಿ.

ನಮ್ಮ ನಾಡಿಗೆ ಕೋಶರಚನೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದನು, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವನ್ನು ರಚಿಸಿದನು, ಹದಿನೆಂಟನೆಯ ಶತಮಾನದ ಆದಿಯಲ್ಲಿ ಕೆಳದಿಯ ಬಸವಪ್ಪನಾಯಕನಿಂದ ‘ಶಿವತತ್ತ್ವರತ್ನಾಕರ’ವು ಹುಟ್ಟಿತು. ಭೂಮಿಯೊಳಗಿನ ನೀರನ್ನು ಕಂಡುಹಿಡಿಯುವುದು, ವೃಕ್ಷಗಳ ಚಿಕಿತ್ಸೆ, ಸುಗಂಧದ್ರವ್ಯ, ಪಾಕ, ಗಜಾಶ್ವಗಳ ಲಕ್ಷಣ ಮೊದಲಾದ ವಿದ್ಯೆಗಳೇ ಇಂಥ ಗ್ರಂಥಗಳ ಮುಖ್ಯ ಸಾಮಗ್ರಿ. ಈಚಿನ ಕಾಲದಲ್ಲಿ ಕಾರಂತರೇ 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಹೊರತಂದರು. ಚೋಮನನ್ನು ಸೃಷ್ಟಿಸಿದ ಕೈಯೇ ಕೋಶವನ್ನೂ ಕಟ್ಟಿತೆಂಬುದನ್ನು ಈ ಪ್ರಸಂಗದಲ್ಲಿ ನಾವು ಮರೆಯತಕ್ಕದ್ದಲ್ಲ. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲನೆಯ ಸಂಪುಟವು 1969ರಲ್ಲಿ ಬಂದು, ಒಟ್ಟು ಹದಿನಾಲ್ಕು ಸಂಪುಟಗಳಾಗಿ ಆ ಮಹಾಕಾರ್ಯವು ಪೂರ್ಣವಾಯಿತು.

ಅಚ್ಚಿನ ಕೋಶದಲ್ಲಿ ಒಬ್ಬ ನಿಷ್ಠುರನಾದ ನ್ಯಾಯಾಧೀಶನಿದ್ದನು. ಅವನ ಹೆಸರು ಕಾಗದ. ಹದಿನಾಲ್ಕು ಸಂಪುಟಗಳಲ್ಲಿ ಲೋಕವೆಲ್ಲವೂ ಹಿಡಿಯಬೇಕಾದರೆ ಕಥೆಯೊಳಗಿನ ಒಬ್ಬೊಬ್ಬ ವ್ಯಕ್ತಿಗೂ ಪುಟಗಳನ್ನು ಕೊಡಲು ಸಂಪಾದಕರಿಗೆ ಎಲ್ಲಿಂದ ಸಾಧ್ಯ? 2001ನೆಯ ಜನವರಿಯಲ್ಲಿ ಇಂಗ್ಲಿಷಿನಲ್ಲಿಯೂ 2003ರಲ್ಲಿ ಕನ್ನಡದಲ್ಲಿಯೂ ಆರಂಭವಾದ ವಿಕಿಪೀಡಿಯದಲ್ಲಿ ಈ ನ್ಯಾಯಾಧೀಶನು ನಿವೃತ್ತನಾದನು. ಸ್ಥಳಕ್ಕೆ ಮಿತಿಯಿಲ್ಲ, ಬರೆಯುವವರಿಗೂ ತಡೆಯಿಲ್ಲ. ಕಾಗದವು ತಾನಾಗಿ ಮಾಡುತ್ತಿದ್ದ ತೀರ್ಪನ್ನು ಇನ್ನು ಮನುಷ್ಯರೇ ಯೋಚಿಸಿ ಮಾಡಬೇಕಾಯಿತು.

ಇದರಿಂದ ಏನಾಯಿತೆಂಬುದಕ್ಕೆ ಒಂದು ಪ್ರಸಿದ್ಧವಾದ ನಿದರ್ಶನವಿದೆ. ಜಪಾನಿನಲ್ಲಿ ಹುಟ್ಟಿದ ‘ಪೋಕೆಮಾನ್’ ಎಂಬ ಮಕ್ಕಳ ಆಟವೊಂದುಂಟು. ಅದರಲ್ಲಿ ಬಗೆಬಗೆಯ ಕಲ್ಪಿತ ಪ್ರಾಣಿಗಳಿವೆ. 2006ರ ವೇಳೆಗೆ ಅವುಗಳ ಸಂಖ್ಯೆ 493ಕ್ಕೆ ಮುಟ್ಟಿತ್ತು. ಉತ್ಸಾಹಿಗಳು ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವುಗಳಿಗೆ ಒಂದೊಂದಾಗಿ ಲೇಖನಗಳನ್ನು ಬರೆದರು. ಆಗ ಅಲ್ಲಿಯ ಲೇಖಕರಲ್ಲಿ ಎರಡು ಪಕ್ಷಗಳಾದುವು. ಸ್ಥಳವಿರುವಾಗ ಏಕೆ ಅಳಿಸಬೇಕೆಂದು ಉಳಿಸುವ ಪಕ್ಷದವರು. ಸ್ಥಳವಿದೆಯೆಂದು ಕಸವನ್ನೇಕೆ ತುಂಬಬೇಕೆಂದು ಅಳಿಸುವ ಪಕ್ಷದವರು. ಬೇರೆ ಯಾವ ಸಾಮಾನ್ಯ ವಿಷಯದ ಲೇಖನವು ಚರ್ಚೆಗೆ ಬಂದರೂ, ‘ಆ ಆಟದ ಪ್ರಾಣಿಗೇ ಲೇಖನವಿರುವಾಗ ಇದಕ್ಕೇಕಿರಬಾರದು?’ ಎಂಬ ವಾದವು ಬರುವಂತಾಯಿತು. ಕಡೆಗೆ 2007ರಲ್ಲಿ ಅವುಗಳಲ್ಲಿ ಬಹುಪಾಲನ್ನು ಕೆಲವೇ ಪಟ್ಟಿಗಳಲ್ಲಿ ಒಟ್ಟುಗೂಡಿಸಿದರು. ಪಿಕಾಚು ಮೊದಲಾದ ಕೆಲವೇ ಪ್ರಾಣಿಗಳು ಸ್ವಂತ ಲೇಖನಗಳನ್ನು ಉಳಿಸಿಕೊಂಡುವು.

ಹೀಗೆ ಕೂಡಿಸುವುದಕ್ಕೂ ಉಳಿಸುವುದಕ್ಕೂ ಆಧಾರವಾದ ನಿಯಮವು ಸರಳವಾದುದು. ವಿಷಯದ ಕರ್ತೃವಿಗಾಗಲಿ ಒಡೆಯರಿಗಾಗಲಿ ಸಂಬಂಧಪಡದ, ನಂಬತಕ್ಕ ಬರಹಗಾರರು, ಆ ವಿಷಯವನ್ನು ಹೆಸರೆತ್ತಿ ಬಿಟ್ಟುಬಿಡದೆ, ವಿಸ್ತಾರವಾಗಿ ವಿಚಾರಿಸಿ ಪ್ರಕಟಿಸಿರಬೇಕು. ಅಂಥ ಬರಹಗಳಿದ್ದರೆ ಪ್ರತ್ಯೇಕ ಲೇಖನಕ್ಕೆ ಅರ್ಹತೆಯುಂಟೆಂದು ಭಾವಿಸಬಹುದು. ಸಂದೇಹ ಬಂದಾಗ ಸಾಮಾನ್ಯವಾಗಿ ಏಳು ದಿನಗಳ ಚರ್ಚೆ ನಡೆಯುವುದು. ಅದರಲ್ಲಿ ತಲೆಗಳನ್ನೆಣಿಸುವ ಪದ್ಧತಿಯಿಲ್ಲ, ಯುಕ್ತಿಗಳನ್ನು ತೂಗಬೇಕೆಂದು ವಿಧಿ. ನ್ಯಾಯಶಾಸ್ತ್ರದಲ್ಲಿ ಕಥೆ, ಎಂದರೆ ಚರ್ಚೆ, ಮೂರು ವಿಧ: ತತ್ತ್ವವನ್ನು ತಿಳಿಯಲೋಸುಗ ನಡೆಯುವುದು ವಾದ, ಗೆಲ್ಲಲೋಸುಗ ನಡೆಯುವುದು ಜಲ್ಪ, ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಕೆಡವುವುದೊಂದೇ ಗುರಿಯಾದುದು ವಿತಂಡಾ. ನನ್ನ ಶಿಷ್ಯನು ತೋರಿಸಿದ ಕೆಲವು ಚರ್ಚೆಗಳನ್ನು ನಾನು ಓದಿದೆನು. ಈ ಮೂರಕ್ಕೂ ಅಲ್ಲಿ ಧಾರಾಳವಾಗಿ ಉದಾಹರಣೆಗಳು ದೊರೆಯುತ್ತವೆ; ಗೌತಮ ಮುನಿಯ ವಿಭಾಗವು ಹಳತಾಗಿಲ್ಲವೆಂದು ನನಗೆ ಸಂತೋಷವೇ ಆಯಿತು.

ಪಾಠಶಾಲೆಯಲ್ಲಿ ‘ದಶರೂಪಕ’ವನ್ನು ಓದಿದವರಿಗೆ ಈ ನಿಯಮವು ಅಪರಿಚಿತವೆಂದು ತೋರಲಾರದು. ಹತ್ತನೆಯ ಶತಮಾನದ ಧನಂಜಯನು ರೂಪಕದ ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರಾಗಿ ವಿಂಗಡಿಸಿರುವನು. ಇತಿಹಾಸ ಪುರಾಣಗಳಿಂದ ಬಂದುದು ಪ್ರಖ್ಯಾತ. ಕವಿಯು ಸ್ವತಃ ಕಲ್ಪಿಸಿದುದು ಉತ್ಪಾದ್ಯ. ಎರಡೂ ಬೆರೆತುದು ಮಿಶ್ರ. ನಾಟಕಕ್ಕೆ ಪ್ರಖ್ಯಾತವಾದ ವಸ್ತುವೇ ಬೇಕು, ಪ್ರಕರಣಕ್ಕೆ ಉತ್ಪಾದ್ಯವು ಸಲ್ಲುವುದು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಲಾಕ್ಷಣಿಕನು ಕಲ್ಪಿತಕ್ಕೆ ಎದುರಾಗಿ ‘ಸತ್ಯ’ವನ್ನು ನಿಲ್ಲಿಸಲಿಲ್ಲ, ‘ಪ್ರಖ್ಯಾತ’ವನ್ನು ನಿಲ್ಲಿಸಿದನು. ಅನೇಕರ ಬಾಯಿಂದ ಬಂದಿದೆಯೋ, ಒಬ್ಬನ ಬುದ್ಧಿಯಿಂದ ಬಂದಿದೆಯೋ ಎಂಬುದೇ ಆತನ ಪ್ರಶ್ನೆ. ಹಾಗಾದರೆ ಒಬ್ಬನ ಬುದ್ಧಿಯಿಂದ ಹುಟ್ಟಿದುದು ಕಾಲಕ್ರಮದಲ್ಲಿ ಅನೇಕರ ಬಾಯಿಗೆ ಬಂದರೆ? ಉತ್ಪಾದ್ಯವು ಪ್ರಖ್ಯಾತವಾಗುವುದು. ಕಲ್ಪಿತ ಪಾತ್ರಕ್ಕೆ ಕೋಶದ ಬಾಗಿಲು ತೆರೆಯುವುದು ಆ ಘಳಿಗೆಯಲ್ಲಿ.

ಚಾರುದತ್ತನನ್ನು ನೋಡಿರಿ. ಅವನೂ ವಸಂತಸೇನೆಯೂ ಪ್ರಕರಣಕ್ಕೆ ಸೇರಿದ ಪಾತ್ರಗಳು. ಆದರೂ ಭಾಸನದೆಂದು ಹೇಳುವ ನಾಲ್ಕಂಕದ ‘ಚಾರುದತ್ತ’ದಲ್ಲಿಯೂ ಶೂದ್ರಕನ ‘ಮೃಚ್ಛಕಟಿಕ’ದಲ್ಲಿಯೂ ಅವರೇ ಇದ್ದಾರೆ. ಒಬ್ಬ ಕವಿಯ ಮನೆಯಿಂದ ಹೊರಟವರು ಇನ್ನೊಬ್ಬನ ಮನೆಯಲ್ಲಿ ನೆಲೆಯೂರಿದರು. ಪಶ್ಚಿಮದಲ್ಲಿ ಇದಕ್ಕೆ ಷೆರ್ಲಾಕ್ ಹೋಮ್ಸನಿಗಿಂತ ದೊಡ್ಡ ಉದಾಹರಣೆಯಿಲ್ಲ. 1887ರಲ್ಲಿ ಕಾನನ್ ಡಾಯ್ಲನ ಲೇಖನಿಯಿಂದ ಹುಟ್ಟಿದ ಈ ಪತ್ತೇದಾರನು ನಾಲ್ಕು ಕಾದಂಬರಿಗಳಲ್ಲಿಯೂ ಐವತ್ತಾರು ಸಣ್ಣ ಕಥೆಗಳಲ್ಲಿಯೂ ಸಂಚರಿಸಿರುವನು. ಲಂಡನ್ನಿನ ಬೇಕರ್ ಬೀದಿಯಲ್ಲಿ ಅವನದೆಂದು ಕಥೆಯಲ್ಲಿ ಹೇಳಿದ ಮನೆಯ ಸಂಖ್ಯೆಯ ಸ್ಥಳಕ್ಕೆ 1932ರಲ್ಲಿ ಸಂಸ್ಥೆಯೊಂದು ಬಂದು ನೆಲೆಸಲು, ಹೋಮ್ಸನ ಹೆಸರಿಗೆ ಬರುವ ಪತ್ರಗಳಿಗೆ ಉತ್ತರ ಬರೆಯಲೆಂದೇ ಒಬ್ಬ ಕಾರ್ಯದರ್ಶಿಯನ್ನು ನೇಮಿಸಬೇಕಾಯಿತು. 2002ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರದ ರಾಯಲ್ ಸೊಸೈಟಿಯು ಅವನಿಗೆ ಗೌರವ ಸದಸ್ಯತ್ವವನ್ನು ಕೊಟ್ಟಿತು. ಅಗಾಥಾ ಕ್ರಿಸ್ಟಿಯ ಪಾತ್ರವಾದ ಪೊಯ್ರೋ ಕಥೆಯಲ್ಲಿ ಸತ್ತನೆಂದು 1975ನೆಯ ಆಗಸ್ಟ್ 6ರಂದು ‘ನ್ಯೂಯಾರ್ಕ್ ಟೈಮ್ಸ್’ ತನ್ನ ಮೊದಲ ಪುಟದಲ್ಲಿಯೇ ಮರಣವಾರ್ತೆಯನ್ನು ಅಚ್ಚುಮಾಡಿತು. ಇವೆಲ್ಲ ಕರ್ತೃವಿನ ಮಾತುಗಳಲ್ಲ, ಅನ್ಯರ ಸಾಕ್ಷ್ಯ.

ಇಂತಿರಲು, ನನ್ನ ಶಿಷ್ಯನಿಗೆ ನಾನು ಮೂರು ಲಕ್ಷಣಗಳನ್ನು ಬರೆದು ಕಳುಹಿಸಿದೆನು.

ಮೊದಲನೆಯದು ಅನ್ಯಸಾಕ್ಷ್ಯ. ತಾಯಿಯು ಮಗನನ್ನು ಹೊಗಳಿದರೆ ಅದು ವಾತ್ಸಲ್ಯ. ಊರವರು ಹೊಗಳಿದರೆ ಕೀರ್ತಿ. ಕರ್ತೃವಿನ ಮಾತೂ ಪ್ರಕಾಶಕರ ಜಾಹೀರಾತೂ ಇಲ್ಲಿ ಪ್ರಮಾಣವಾಗವು. ಪಾತ್ರವು ಒಳ್ಳೆಯದೆಂಬುದಾಗಲಿ ನಮಗೆ ಪ್ರಿಯವೆಂಬುದಾಗಲಿ ಪ್ರಮಾಣವಲ್ಲ. ಶಕಾರನಂಥ ಮೂರ್ಖನಿಗೂ ಯೋಗ್ಯತೆಯುಂಟಾಗಬಹುದು. ಸಾಧುವಾದ ಪಾತ್ರಕ್ಕೆ ಇಲ್ಲದೆಯೂ ಹೋಗಬಹುದು.

ಎರಡನೆಯದು ಮನೆಯನ್ನು ಬಿಟ್ಟು ಹೊರಟಿರುವುದು. ಪಾತ್ರವನ್ನು ಕುರಿತು ಹೇಳತಕ್ಕುದೆಲ್ಲವೂ ಅದು ಹುಟ್ಟಿದ ಕೃತಿಯ ಲೇಖನದಲ್ಲಿ ಹಿಡಿಯುವುದಾದರೆ ಪ್ರತ್ಯೇಕ ಲೇಖನವು ಪುನರುಕ್ತಿಯಾಗುವುದು. ಹಲವು ಕೃತಿಗಳಲ್ಲಿ ಸಂಚರಿಸಿದ ಅಥವಾ ಹುಟ್ಟಿದ ಕೃತಿಯನ್ನು ಓದದವರಿಗೂ ಪರಿಚಿತವಾದ ಪಾತ್ರವನ್ನು ಮಾತ್ರ ಒಂದೇ ಮನೆಯಲ್ಲಿ ಹಿಡಿದಿಡಲಾಗದು.

ಮೂರನೆಯದು ಚಿತ್ರತುರಗದ ಎಚ್ಚರಿಕೆ. ರಸವಿಚಾರದಲ್ಲಿ ಶ್ರೀಶಂಕುಕನು ಹೇಳಿದ ಈ ನ್ಯಾಯವನ್ನು ಮಮ್ಮಟನ ‘ಕಾವ್ಯಪ್ರಕಾಶ’ವನ್ನು ಓದಿದವರೆಲ್ಲರೂ ಬಲ್ಲರು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡಾಗ ನಾವು ಕುದುರೆಯೆಂದೇ ಅನ್ನುವೆವು. ಆ ಜ್ಞಾನವು ಯಥಾರ್ಥವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ನೋಟಕನಿಗೆ ಇದು ಸರಿ. ಕೋಶಕಾರನಾದರೋ ಗೋಡೆಯನ್ನೂ ಬಣ್ಣವನ್ನೂ ಚಿತ್ರಕಾರನನ್ನೂ ನೋಡಿದವರ ಮಾತುಗಳನ್ನೂ ವರ್ಣಿಸಬೇಕು. ಆ ಕುದುರೆಗೆ ಎಷ್ಟು ವಯಸ್ಸು, ಅದು ಎಷ್ಟು ಹುಲ್ಲು ಮೇಯಿತು ಎಂದು ಬರೆಯತೊಡಗಿದರೆ ಅದು ಕೋಶವಾಗದು. ಅಳಿಸಲ್ಪಟ್ಟ ಅನೇಕ ಲೇಖನಗಳ ದೋಷವು ಇದೇ: ಕಥೆಯನ್ನು ಮತ್ತೆ ಹೇಳಿ, ಅದನ್ನು ಜೀವನಚರಿತ್ರೆಯೆಂಬಂತೆ ಜೋಡಿಸಿದ್ದರು.

ಈ ಮೂರನೆಯ ಎಚ್ಚರಿಕೆಯನ್ನು ಬಿಟ್ಟರೆ ಏನಾಗುವುದೆಂಬುದು ಮಿಶ್ರವಸ್ತುವಿನಲ್ಲಿ ಸ್ಪಷ್ಟವಾಗಿ ಕಾಣುವುದು. ಕೊಡಗಿನ ಕಡೆಯ ಅರಸನಾದ ಚಿಕವೀರರಾಜೇಂದ್ರನು 1834ರಲ್ಲಿ ರಾಜ್ಯವನ್ನು ಕಳೆದುಕೊಂಡು 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ ಕಾದಂಬರಿಯು 1956ರಲ್ಲಿ ಬಂದಿತು. 1983ನೆಯ ವರ್ಷದ ಜ್ಞಾನಪೀಠ ಪ್ರಶಸ್ತಿಯೊಡನೆ ಅದರ ಹೆಸರು ನಾಡಿನಾಚೆಗೂ ಹಬ್ಬಿತು. ಇಂದು ಅನೇಕರ ಮನಸ್ಸಿನಲ್ಲಿರುವ ದೊರೆಯು ಚರಿತ್ರೆಯ ದೊರೆಯೋ ಮಾಸ್ತಿಯವರ ದೊರೆಯೋ ಹೇಳುವುದು ಕಷ್ಟ. ಕಾದಂಬರಿಕಾರರು ಕಲ್ಪಿಸಿದ ಸಂವಾದವನ್ನು ಯಾರಾದರೂ ಚರಿತ್ರೆಯ ಅರಸನ ಲೇಖನದಲ್ಲಿ ಸೇರಿಸಿದರೆ, ಸತ್ತವನು ಆಡದ ಮಾತಿಗೆ ಅವನನ್ನು ಹೊಣೆಗಾರನನ್ನಾಗಿ ಮಾಡಿದಂತಾಯಿತು. ಇಲ್ಲಿ ಅರಸನಿಗೊಂದು ಲೇಖನ, ಕಾದಂಬರಿಗೊಂದು ಲೇಖನವಿದ್ದು, ನಡುವೆ ಗೋಡೆಯು ಭದ್ರವಾಗಿರಬೇಕು. ಶಕುಂತಲೆಯ ವಿಷಯ ಬೇರೆ. ಮಹಾಭಾರತದ ಶಕುಂತಲೆಗೂ, ದುರ್ವಾಸರ ಶಾಪವನ್ನು ಕಲ್ಪಿಸಿ ಕಾಳಿದಾಸನು ರೂಪಿಸಿದ ಶಕುಂತಲೆಗೂ, 1789ರಲ್ಲಿ ಪ್ರಕಟವಾದ ವಿಲಿಯಂ ಜೋನ್ಸನ ಅನುವಾದದ ಮೂಲಕ ಯೂರೋಪು ಕಂಡ ಶಕುಂತಲೆಗೂ ಒಂದೇ ಹೆಸರು. ಆಕೆಗೆ ಒಂದೇ ಲೇಖನವಿರಲಿ, ಮೂರು ಭಾಗಗಳಿರಲಿ. ಯಾವ ಮಾತು ಯಾರದೆಂಬುದು ಮಾತ್ರ ಗೊತ್ತಾಗಲಿ.

ಇನ್ನು ನಮ್ಮ ಕನ್ನಡದ ಪಾತ್ರಗಳಿಗೆ ಬರೋಣ. ಯಾವ ಸಂಕೋಚವೂ ಇಲ್ಲದೆ ಪ್ರತ್ಯೇಕ ಲೇಖನವನ್ನು ಕೊಡಬಹುದಾದ ಕಲ್ಪಿತ ಪಾತ್ರವು ನಮ್ಮಲ್ಲಿ ಯಾವುದೆಂದರೆ, ನಾನು ಒಂದು ಹಸುವಿನ ಹೆಸರನ್ನು ಹೇಳುವೆನು: ಪುಣ್ಯಕೋಟಿ. ಗೋವಿನ ಹಾಡಿನಲ್ಲಿ ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹಿಂತಿರುಗಿದ ಈ ಹಸುವು ಹಾಡಿನ ದೊಡ್ಡಿಯನ್ನು ಬಿಟ್ಟು ಬಹುದೂರ ಬಂದಿದೆ. ಶಾಲೆಯ ಪಠ್ಯಗಳಲ್ಲಿ ನೆಲೆಯಾಯಿತು. 1968ರ ‘ತಬ್ಬಲಿಯು ನೀನಾದೆ ಮಗನೆ’ ಎಂಬ ಕಾದಂಬರಿಯಲ್ಲಿ ಶ್ರೀ ಎಸ್. ಎಲ್. ಭೈರಪ್ಪನವರು ಅದರ ಕಥೆಯನ್ನು ಹೊಸಕಾಲದ ಸಂಘರ್ಷಕ್ಕೆ ನೆಲೆಗಟ್ಟಾಗಿ ಮಾಡಿಕೊಂಡರು. 2020ರಲ್ಲಿ ಸಂಸ್ಕೃತ ಭಾಷೆಯಲ್ಲಿ ಅದರ ಹೆಸರಿನದೇ ಚಲಿಸುವ ಚಿತ್ರಕಥೆಯೊಂದು ಬಂದಿತು. 2022ರಲ್ಲಿ ಕರ್ನಾಟಕ ಸರ್ಕಾರವು ಗೋಶಾಲೆಯ ಹಸುಗಳನ್ನು ದತ್ತು ಪಡೆಯುವ ಯೋಜನೆಗೆ ಅದೇ ಹೆಸರನ್ನಿಟ್ಟಿತು. ನಾನು ಪಾಠ ಹೇಳುತ್ತಿದ್ದ ಊರಿನಲ್ಲಿ ಅಕ್ಷರ ಬಾರದ ತಾಯಂದಿರೂ ಮಕ್ಕಳಿಗೆ ಸತ್ಯವೆಂದರೇನೆಂದು ತಿಳಿಸಬೇಕಾದಾಗ ಈ ಹಸುವನ್ನೇ ಕರೆಯುತ್ತಿದ್ದರು. ಉತ್ಪಾದ್ಯವು ಪ್ರಖ್ಯಾತವಾಗುವುದೆಂದರೆ ಹೀಗೆ.

ಚೋಮನ ವಿಷಯದಲ್ಲಿ ನನ್ನ ತೀರ್ಮಾನವು ಶಿಷ್ಯನಿಗೆ ರುಚಿಸಲಿಲ್ಲ. 1933ರ ಆ ಕಾದಂಬರಿಯಲ್ಲಿ, ಸ್ವಂತ ಬೇಸಾಯಕ್ಕೆ ಒಂದು ತುಂಡು ಭೂಮಿಯನ್ನು ಬಯಸಿ, ಅಸ್ಪೃಶ್ಯನೆಂಬ ಕಾರಣದಿಂದ ಅದನ್ನು ಪಡೆಯಲಾರದೆ, ತನ್ನ ದುಃಖವನ್ನೆಲ್ಲ ದುಡಿಯ ಮೇಲೆ ಬಾರಿಸಿ ಪ್ರಾಣಬಿಟ್ಟ ಚೋಮನನ್ನು ಓದಿ ಕಣ್ಣು ತೇವವಾಗದವರು ವಿರಳ. 1975ರಲ್ಲಿ ಶ್ರೀ ಬಿ. ವಿ. ಕಾರಂತರು ಅದನ್ನು ಚಲನಚಿತ್ರವನ್ನಾಗಿ ಮಾಡಿದರು. ಅದು ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂಬ ಪ್ರಶಸ್ತಿಯನ್ನು ಪಡೆಯಿತು. ಚೋಮನ ಪಾತ್ರವನ್ನು ವಹಿಸಿದ ಶ್ರೀ ವಾಸುದೇವ ರಾಯರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಅನ್ಯಸಾಕ್ಷ್ಯಕ್ಕೆ ಇಲ್ಲಿ ಬಡತನವಿಲ್ಲ. ಆದರೆ ಎರಡನೆಯ ಲಕ್ಷಣವನ್ನು ಹಚ್ಚಿ ನೋಡಿದರೆ, ಚೋಮನು ಕಾದಂಬರಿಯನ್ನು ಬಿಟ್ಟು ಹೊರಟವನಲ್ಲ. ಚಲನಚಿತ್ರವೂ ಅದೇ ಕಥೆಯನ್ನೇ ಹೇಳಿತು. ಕಾದಂಬರಿಯನ್ನು ಕುರಿತ ಲೇಖನದಿಂದ ಚೋಮನನ್ನು ತೆಗೆದರೆ ಅಲ್ಲಿ ಉಳಿಯುವುದೇನು? ಚೋಮನ ಲೇಖನದಿಂದ ಕಾದಂಬರಿಯನ್ನು ತೆಗೆದರೆ ಇಲ್ಲಿ ಉಳಿಯುವುದೇನು? ಆದುದರಿಂದ ‘ಚೋಮ’ ಎಂದು ಹುಡುಕಿದವನನ್ನು ‘ಚೋಮನ ದುಡಿ’ಯ ಲೇಖನಕ್ಕೆ ಕರೆದೊಯ್ಯುವ ಸೂಚನೆಯೊಂದಿರಲಿ, ಆ ಲೇಖನದಲ್ಲಿ ಅವನಿಗೆ ದೊಡ್ಡ ಭಾಗವಿರಲಿ, ಪ್ರತ್ಯೇಕ ಲೇಖನವು ಸದ್ಯಕ್ಕೆ ಬೇಡ. ಹೀಗೆಂದು ಬರೆದೆನು.

ಅದಕ್ಕೆ ಬಂದ ಉತ್ತರವನ್ನು ನಾನು ಎರಡು ಮೂರು ದಿನ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆನು. “ಮೇಷ್ಟ್ರೇ, ಜೀವಮಾನವೆಲ್ಲ ಸ್ವಂತದ ಒಂದು ತುಂಡು ನೆಲಕ್ಕಾಗಿ ಹಂಬಲಿಸಿದವನು ಅವನು. ಅಳತೆಯೇ ಇಲ್ಲದ ಈ ಬಯಲಿನಲ್ಲಿಯೂ ತಾವು ಅವನಿಗೆ ಒಂದು ತುಂಡನ್ನು ಕೊಡುವುದಿಲ್ಲವೆ? ಪಿಕಾಚುವಿಗೆ ಪಟ್ಟೆ, ಚೋಮನಿಗೆ ಮತ್ತೆ ಒಡೆಯರ ಅಂಗಳವೆ?” ಎಂದು ಹುಡುಗನು ಕೇಳಿದ್ದನು. ಇದನ್ನು ವಿತಂಡಾ ಎಂದು ತಳ್ಳಿಬಿಡುವ ಧೈರ್ಯ ನನಗಾಗಲಿಲ್ಲ. ಇಂಥ ಪ್ರಶ್ನೆಯನ್ನು ಕೇಳುವಂತೆ ಅವನು ಆ ಕಾದಂಬರಿಯನ್ನು ಓದಿದನಲ್ಲಾ ಎಂದು ಅಧ್ಯಾಪಕನಾಗಿದ್ದ ನನಗೆ ಹೃದಯವು ತುಂಬಿಬಂದಿತು.

ಆದರೂ ನನ್ನ ತೀರ್ಮಾನವನ್ನು ನಾನು ಬದಲಿಸಲಿಲ್ಲ. ಅದಕ್ಕೆ ಎರಡು ಕಾರಣಗಳನ್ನು ಕೊಟ್ಟೆನು. ಒಂದು, ಆ ಕಾದಂಬರಿಯು ಒಡೆಯರ ಅಂಗಳವಲ್ಲ. ಅದು ಚೋಮನದೇ ಮನೆ. ಹೆಬ್ಬಾಗಿಲ ಮೇಲೆ ಅವನ ಹೆಸರೇ ಇದೆ, ಅವನ ದುಡಿಯೇ ತೂಗುತ್ತಿದೆ. ಪಿಕಾಚುವಿಗೆ ಸ್ವಂತ ಲೇಖನವಿರುವುದು ಅದರ ಹಿರಿಮೆಗೆ ಗುರುತಲ್ಲ. ಒಂದು ಕಥೆಯೆಂಬ ಮನೆ ಅದಕ್ಕೆ ಇಲ್ಲದಿರುವುದಕ್ಕೆ ಗುರುತು. ಪ್ರತ್ಯೇಕ ಲೇಖನವು ಪದವಿಯೂ ಅಲ್ಲ, ಪ್ರಶಸ್ತಿಯೂ ಅಲ್ಲ. ಓದುಗನ ಅನುಕೂಲಕ್ಕಾಗಿ ಮಾಡಿದ ವಿಭಾಗವಷ್ಟೆ. ಊರೂರು ತಿರುಗುವ ಪರಿವ್ರಾಜಕನಿಗಿಂತ ಸ್ವಗೃಹದಲ್ಲಿರುವ ಗೃಹಸ್ಥನು ಕಡಮೆಯೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಎರಡನೆಯ ಕಾರಣವು ಇದಕ್ಕಿಂತ ಗಂಭೀರವಾದುದು. ಚೋಮನು ಎಂದೂ ಇರಲಿಲ್ಲ. ಅವನಂತೆ ಸಾಲಕ್ಕೆ ಸಿಕ್ಕಿ, ಇನ್ನೊಬ್ಬರ ಹೊಲದಲ್ಲಿ ಬಾಳನ್ನು ತೇದು, ಹೆಸರಿಲ್ಲದೆ ಹೋದವರು ಇದ್ದರು, ಅಸಂಖ್ಯರಾಗಿ ಇದ್ದರು. ಭೂಸುಧಾರಣೆಯ ತಿದ್ದುಪಡಿಯ ಶಾಸನವು ಕರ್ನಾಟಕದಲ್ಲಿ ಜಾರಿಗೆ ಬಂದುದು 1974ರಲ್ಲಿ. ಜೀತಪದ್ಧತಿಯನ್ನು ರದ್ದುಮಾಡುವ ದೇಶದ ಶಾಸನವಾದುದು 1976ರಲ್ಲಿ. ಅದಕ್ಕೆ ಮುಂಚೆ ಬಾಳಿದವರಲ್ಲಿ ಎಷ್ಟು ಮಂದಿಗೆ ಕೋಶದಲ್ಲಿ ಲೇಖನವುಂಟು? ಅವರನ್ನು ಕುರಿತು ಬರೆದವರಿಲ್ಲ, ಬರೆದುದಿಲ್ಲವಾದುದರಿಂದ ಸಾಕ್ಷ್ಯವಿಲ್ಲ, ಸಾಕ್ಷ್ಯವಿಲ್ಲವಾದುದರಿಂದ ಸ್ಥಾನವಿಲ್ಲ. ಕಲ್ಪಿತನಾದ ಚೋಮನಿಗೆ ಒಂದು ಪುಟವನ್ನು ಕೊಟ್ಟು, ಇದ್ದವರ ಋಣ ತೀರಿತೆಂದು ನಾವು ಸಮಾಧಾನಪಟ್ಟುಕೊಂಡರೆ ಅದು ಚೋಮನಿಗೂ ಅವನನ್ನು ಸೃಷ್ಟಿಸಿದವರಿಗೂ ಮಾಡಿದ ಅಪಚಾರವಾಗುವುದು. ಆ ಶ್ರದ್ಧೆಯು ನಿನ್ನಲ್ಲಿದ್ದರೆ ಜೀತಪದ್ಧತಿಯ ಚರಿತ್ರೆಯನ್ನು ಕನ್ನಡದಲ್ಲಿ ಚೆನ್ನಾಗಿ ಬರೆ ಎಂದು ಅವನಿಗೆ ತಿಳಿಸಿದೆನು.

ಈ ನಿಯಮದಲ್ಲಿ ಕೊರತೆಯೇ ಇಲ್ಲವೆಂದು ನಾನು ಹೇಳಲಾರೆನು. ಮೇಘಸಂದೇಶದಲ್ಲಿ ಕಾಳಿದಾಸನು ಅವಂತಿಯನ್ನು ವರ್ಣಿಸುವಾಗ, ಉದಯನನ ಕಥೆಯನ್ನು ಬಲ್ಲ ಹಳ್ಳಿಯ ಹಿರಿಯರನ್ನು ನೆನೆಯುತ್ತಾನೆ. ಕವಿಕುಲಗುರುವಿಗೆ ಪ್ರಖ್ಯಾತಿಯ ಸಾಕ್ಷಿಗಳು ಗ್ರಾಮವೃದ್ಧರು. ಇಂದಿನ ಕೋಶದಲ್ಲಿ ಗ್ರಾಮವೃದ್ಧರ ಸಾಕ್ಷ್ಯವು ನಡೆಯುವುದಿಲ್ಲ, ಅಚ್ಚಾದುದು ಬೇಕು. ಇಂಗ್ಲಿಷಿನಲ್ಲಿ ಸಣ್ಣ ಪಾತ್ರವನ್ನು ಕುರಿತೂ ಹತ್ತು ಪುಸ್ತಕಗಳಿರುವುವು. ನಮ್ಮಲ್ಲಿ ಸಾವಿರಾರು ನಾಲಗೆಗಳ ಮೇಲಿರುವ ಪಾತ್ರಕ್ಕೂ ಒಂದು ಪ್ರಬಂಧವಿಲ್ಲದೆ ಇರಬಹುದು. ಕೆರೆಗೆ ಹಾರವಾದ ಭಾಗೀರಥಿಯನ್ನು ಹಾಡಿ ಅತ್ತ ಹೆಂಗಸರ ಲೆಕ್ಕವನ್ನು ಇಟ್ಟವರು ಯಾರು? ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಅಚ್ಚು ಹಾಕಿಸಿದಂತೆ ಅಲ್ಲಲ್ಲಿ ಕೆಲವರು ಶ್ರಮಪಡದೆ ಇದ್ದಿದ್ದರೆ, ನಮ್ಮ ಜಾನಪದದ ಬಹುಭಾಗವು ಕೋಶದ ದೃಷ್ಟಿಯಲ್ಲಿ ಹುಟ್ಟಿಯೇ ಇರುತ್ತಿರಲಿಲ್ಲ.

ಆದರೆ ಈ ಕೊರತೆಗೆ ಪರಿಹಾರವು ನಿಯಮವನ್ನು ಸಡಿಲಿಸುವುದರಲ್ಲಿಲ್ಲ. ಸಡಿಲಿಸಿದರೆ ಭಾಗೀರಥಿಯ ಹಿಂದೆಯೇ ನಿನ್ನೆಯ ದೂರದರ್ಶನದ ಧಾರಾವಾಹಿಯ ಪಾತ್ರಗಳೆಲ್ಲವೂ ಒಳನುಗ್ಗುವುವು; ಯಾವ ಮಾತಿಗೆ ಯಾವ ಆಧಾರವೆಂದು ಕೇಳುವ ಅಧಿಕಾರವೇ ನಮಗಿಲ್ಲವಾಗುವುದು. ಕೋಶವು ಸಾಕ್ಷ್ಯವನ್ನು ಹುಟ್ಟಿಸುವ ಸ್ಥಳವಲ್ಲ, ಕೂಡಿಡುವ ಸ್ಥಳ. ಸಾಕ್ಷ್ಯವನ್ನು ಹುಟ್ಟಿಸಬೇಕಾದವರು ವಿಮರ್ಶಕರು, ಅಧ್ಯಾಪಕರು, ಜಿಲ್ಲೆಜಿಲ್ಲೆಯ ಸಂಘಗಳು, ಇಂಥ ಮಾಸಪತ್ರಿಕೆಗಳು. ಕೃತಿಯನ್ನು ವಿಮರ್ಶಿಸುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಒಂದೇ ಪಾತ್ರವನ್ನು ಹಿಡಿದು, ಅದು ಯಾವ ಯಾವ ಊರಿನಲ್ಲಿ ಯಾವ ಯಾವ ರೂಪವನ್ನು ತಾಳಿತು, ಯಾರು ಅದನ್ನು ರಂಗದ ಮೇಲೆ ತಂದರು, ಯಾವ ಗಾದೆಯಲ್ಲಿ ಅದು ಸೇರಿಕೊಂಡಿತು ಎಂದು ವಿಚಾರಿಸಿ ಬರೆಯುವ ಅಭ್ಯಾಸವು ಸಾಲದು.

ನನ್ನ ಶಿಷ್ಯನು ಸದ್ಯಕ್ಕೆ ‘ಚೋಮನ ದುಡಿ’ಯ ಲೇಖನದಲ್ಲಿಯೇ ಚೋಮನ ಭಾಗವನ್ನು ವಿಸ್ತರಿಸುತ್ತಿದ್ದಾನೆ. ತನ್ನ ಅಭಿಪ್ರಾಯವನ್ನು ಬಿಟ್ಟಿಲ್ಲವೆಂದೂ, ಸಾಕಷ್ಟು ಸಾಕ್ಷ್ಯವು ಕೂಡಿದ ದಿನ ಮತ್ತೆ ಪ್ರಶ್ನೆಯನ್ನು ಎತ್ತುವೆನೆಂದೂ ಬರೆದಿದ್ದಾನೆ. ಎತ್ತಲಿ. ಆ ದಿನ ನಾನು ಬದುಕಿದ್ದರೆ ಅವನ ಪಕ್ಷದಲ್ಲಿಯೇ ನಿಲ್ಲುವೆನು. ಅಷ್ಟರೊಳಗೆ ಈ ಪತ್ರಿಕೆಯ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ತಮ್ಮ ಊರಿನ ಹಾಡಿನಲ್ಲಿ, ಬಯಲಾಟದಲ್ಲಿ, ಅಜ್ಜಿಯ ಕಥೆಯಲ್ಲಿ ನೆಲೆಸಿರುವ ಒಂದೊಂದು ಪಾತ್ರವನ್ನು ಕುರಿತು, ಹೇಳಿದವರು ಯಾರು, ಕೇಳಿದುದು ಎಲ್ಲಿ, ಯಾವ ವರ್ಷ ಎಂಬ ವಿವರಗಳೊಡನೆ, ನಾಲ್ಕು ಪುಟಗಳನ್ನು ಬರೆದುಕೊಡಬೇಕು. ಗ್ರಾಮವೃದ್ಧರು ಇನ್ನೂ ಇದ್ದಾರೆ. ಅವರ ಮಾತನ್ನು ಈಗ ಬರೆದುಕೊಳ್ಳದಿದ್ದರೆ, ಮುಂದೆ ಯಾವ ಉದಾರವಾದ ನಿಯಮವೂ ಅವರ ಕಥೆಗಳಿಗೆ ಕೋಶದಲ್ಲಿ ಸ್ಥಳವನ್ನು ಕೊಡಲಾರದು.